ಎದುರಿನವರ ಬಲಗೈ

ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ನಾನು ದೈಹಿಕ ಶಿಕ್ಷಕನಾಗಿದ್ದೆ. ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ಬೊಬ್ರುವಾಡದ ರಸ್ತೆಯಲ್ಲಿ ನಡೆಯುತ್ತೇನೆ, ಆರೂಕಾಲಿಗೆ ಚಹಾ. ಹೋದ ವರ್ಷ ಈ ವೇಳಾಪಟ್ಟಿಗೆ ಆರೂವರೆಯ ತರಗತಿಯೊಂದು ಸೇರಿತು.

ವಿದ್ಯಾರ್ಥಿನಿ ನಮ್ಮ ಬೇಲಿಯಾಚೆಯ ಮನೆಯ ಸೊಸೆ. ಎರಡು ಮಕ್ಕಳಾದ ಮೇಲೆ ಕಾರವಾರದಲ್ಲಿ ನರ್ಸಿಂಗ್ ಸಹಾಯಕಿಯರ ತರಬೇತಿಗೆ ಸೇರಿದ್ದಳು. ಲಿಖಿತ ಪರೀಕ್ಷೆಯಲ್ಲಿ ಪಾಸಾಗಿ, ಶರೀರ ರಚನೆಯ ಮೌಖಿಕದಲ್ಲಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಸೀಟೇ ಹೋಗುತ್ತಿತ್ತು.

"ಮಾಸ್ತರ್ರೆ, ನೀವು ಊರಿನ ಮಕ್ಕಳಿಗೆಲ್ಲ ಕೈಕಾಲು ಆಡ್ಸಿದವ್ರು. ನಂಗೂ ಸ್ವಲ್ಪ ಹೇಳ್ಕೊಡಿ."

"ಬೆಳಿಗ್ಗೆ ಆರೂವರೆ. ಒಂದು ನಿಮಿಷ ತಡ ಆದ್ರೂ ಆಗುದಿಲ್ಲ."

ಮರುದಿನ ಆರು ಇಪ್ಪತ್ತೈದಕ್ಕೇ ಬಂದಳು. ಇವಳು ಕಲಿಯುತ್ತಾಳೆ ಎಂದು ನನಗೆ ಅಲ್ಲೇ ಗೊತ್ತಾಯಿತು.

ಅವಳ ಪುಸ್ತಕವನ್ನು ನಾನು ಹಿಂದಿನ ಸಂಜೆಯೇ ಓದಿಟ್ಟಿದ್ದೆ. ಅದರಲ್ಲಿ ಎಲ್ಲದಕ್ಕೂ ಆಧಾರ ಒಂದೇ ನಿಲುವು: ನೆಟ್ಟಗೆ ನಿಂತು, ಮುಖ ಮುಂದೆ, ಕೈ ಕೆಳಗೆ, ಅಂಗೈ ಮುಂದಕ್ಕೆ. ನಮ್ಮ ಡ್ರಿಲ್ಲಿನ ಸಾವಧಾನ್‌ನಲ್ಲಿ ಅಂಗೈ ತೊಡೆಗೆ ತಾಗಿರಬೇಕು. ಹೀಗೆ ಬೇಡುವವರ ಹಾಗೆ ಕೈ ತೆರೆದು ನಿಲ್ಲುವುದು ನನಗೆ ಮೊದಲು ಒಗ್ಗಲಿಲ್ಲ. ಉಳಿದದ್ದು ಸುಲಭ. ಎದೆಯ ಬದಿ ಆಂಟೀರಿಯರ್, ಬೆನ್ನಿನ ಬದಿ ಪೋಸ್ಟೀರಿಯರ್. ದೇಹದ ನಡುಗೆರೆಗೆ ಹತ್ತಿರವಾದದ್ದು ಮೀಡಿಯಲ್, ದೂರವಾದದ್ದು ಲ್ಯಾಟರಲ್. ನಾನು ಜಗಲಿಯಲ್ಲಿ ಎದುರು ನಿಂತು ಒಂದೊಂದನ್ನೂ ಎಣಿಕೆಗೆ ಸರಿಯಾಗಿ ಮಾಡಿ ತೋರಿಸುತ್ತಿದ್ದೆ, ಅವಳು ಮಾಡುತ್ತಿದ್ದಳು. "ಲಿವರ್, ಬಲಕ್ಕೆ!" ಎಂದರೆ ಅವಳ ಕೈ ಸರಕ್ಕನೆ ಬಲ ಪಕ್ಕೆಲುಬಿನ ಕೆಳಗೆ ಹೋಗುತ್ತಿತ್ತು. ಏಳಕ್ಕೆ ಪಾಠ ಮುಗಿಸಿ ಬಸ್ಸಿಗೆ ಓಡುತ್ತಿದ್ದಳು.

ಮೂರು ವಾರವಾದ ಮೇಲೆ ತರಬೇತಿಯಲ್ಲಿ ಅಭ್ಯಾಸ ಪರೀಕ್ಷೆ ಇಟ್ಟರು. ಆ ಸಂಜೆ ಅವಳು ನೇರ ನಮ್ಮ ಜಗಲಿಗೆ ಬಂದು ಕುಳಿತಳು.

"ಗೊಂಬೆ ಎದ್ರಿಗೆ ನಿಲ್ಸಿ ಲಿವರ್ ತೋರ್ಸು ಅಂದ್ರು, ಮಾಸ್ತರ್ರೆ. ತೋರ್ಸಿದೆ. ಎಡಕ್ಕೆ ತೋರ್ಸಿದ್ಯಲ್ಲೇ ಅಂದ್ರು. ಅಪೆಂಡಿಕ್ಸ್ ಕೇಳಿದ್ರು, ಅದೂ ಎಡಕ್ಕೇ ಹೋಯ್ತು. ಎಲ್ಲಾ ಉಲ್ಟಾ."

"ಅವ್ರೇ ತಪ್ಪಿರಬೇಕು," ಎಂದೆ. "ಬಾ, ನಿಲ್ಲು. ಲಿವರ್, ಬಲಕ್ಕೆ!"

ಒಳಗೆ ಮೀನು ಹೆಚ್ಚುತ್ತಿದ್ದ ನನ್ನ ಹೆಂಡತಿ ಕೈ ತೊಳೆದು ಬಾಗಿಲಿಗೆ ಬಂದಳು.

"ಅವಳ ಕೈ ಸರಿ ಉಂಟು. ನಿಮ್ಮ ಕೈ ಎಲ್ಲುಂಟು ನೋಡ್ಕೊಳ್ಳಿ."

ನೋಡಿಕೊಂಡೆ. ನನ್ನ ಕೈ ನನ್ನ ಎಡ ಪಕ್ಕೆಲುಬಿನ ಕೆಳಗಿತ್ತು.

ಡ್ರಿಲ್ ಕಲಿಸುವವನು ಮಕ್ಕಳಿಗೆ ಎದುರಾಗಿ ನಿಂತು "ಬಲಗೈ ಮೇಲೆ" ಎನ್ನುವಾಗ ತನ್ನ ಎಡಗೈ ಎತ್ತಬೇಕು. ಆಗ ಮಕ್ಕಳು ಕನ್ನಡಿ ನೋಡಿದ ಹಾಗೆ ನೋಡಿ ಸರಿಯಾಗಿ ಮಾಡುತ್ತಾರೆ. ಮೂವತ್ತೊಂದು ವರ್ಷ ಹಾಗೆಯೇ ಮಾಡಿ ನನಗೆ ಅದು ಉಸಿರಾಟವಾಗಿತ್ತು. ಶರೀರ ರಚನೆಯ ಪಾಠದಲ್ಲಿ ಮಾತ್ರ ಎಡಬಲ ನೋಡುವವರದ್ದಲ್ಲ, ಎದುರಿರುವ ದೇಹದ್ದು. ತನ್ನ ಮೈಮೇಲೆ ಅವಳು ಸರಿಯಾಗಿಯೇ ಕಲಿತಿದ್ದಳು. ಎದುರಿನ ಮೈಮೇಲೆ ಮಾತ್ರ ತಪ್ಪು ಕಲಿತಿದ್ದಳು, ಅದೂ ನನ್ನನ್ನೇ ನೋಡಿ.

"ತಪ್ಪು ನಂದು," ಎಂದೆ. ಪರೀಕ್ಷೆಗೆ ಉಳಿದದ್ದು ನಾಲ್ಕು ಬೆಳಿಗ್ಗೆ.

ಮರುದಿನ ಸರಿಯಾದ ಕೈ ತೋರಿಸಲು ಹೊರಟೆ. ಬಾಯಿ "ಬಲ" ಎನ್ನುತ್ತಿದ್ದಂತೆ ಎಡಗೈ ತಾನಾಗಿ ಎದ್ದಿತು. ಎರಡನೆಯ ಸಲವೂ ಅಷ್ಟೇ. ಇದು ಆಗುವ ಕೆಲಸವಲ್ಲ ಎಂದು ವಿಧಾನವನ್ನೇ ಬದಲಿಸಿದೆ. ಅವಳಿಗೆ ಬೆನ್ನು ಹಾಕಿ ನಿಂತೆ. ಈಗ ಇಬ್ಬರ ಬಲವೂ ಒಂದೇ ಕಡೆ.

"ಇವತ್ತಿಂದ ಹುಕುಂ ನಿಂದು. ನಾನು ಗೊಂಬೆ."

"ಅಯ್ಯೋ, ನಿಮ್ಗೆ ನಾನು ಹುಕುಂ ಮಾಡುದಾ?"

"ಮಾಡೇ ತಂಗಿ," ಎಂದಳು ನನ್ನ ಹೆಂಡತಿ. "ಈ ಮನೇಲಿ ಒಬ್ರಾದ್ರೂ ಮಾಡ್ಲಿ."

ಅವಳು ತೆಂಗಿನ ಕಡ್ಡಿ ಹಿಡಿದು ನನ್ನ ಬೆನ್ನ ಹಿಂದಿನಿಂದ ಲಿವರ್ ಎಲ್ಲಿ, ಹೃದಯ ಎತ್ತ ವಾಲಿದೆ ಎಂದು ಹೇಳಿದಳು. ಆಮೇಲೆ ನನ್ನನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಹೇಳಿದಳು. ಅರ್ಧ ಸುತ್ತಾದಾಗ ನಾನು ಅವಳಿಗೆ ಎದುರಾದೆ. ಕಡ್ಡಿ ಗಾಳಿಯಲ್ಲಿ ಒಂದು ಕ್ಷಣ ತಡವರಿಸಿ ನನ್ನ ಬಲಕ್ಕೆ ಬಂದು ನಿಂತಿತು. ಮೂರನೆಯ ದಿನ ಅವಳ ದನಿಗೆ ಧೈರ್ಯ ಬಂತು. "ಪೀಛೇ ಮುಡ್!" ಎಂದು ಕೂಗಿದಾಗ ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ನಾನು ಹಿಮ್ಮಡಿ ಕೂಡಿಸಿ ತಿರುಗಿದೆ. ಕೊನೆಯ ದಿನ ಬೆಂಚಿನ ಮೇಲೆ ಅಂಗಾತ ಮಲಗಿಸಿದಳು, ಬೋರಲು ಮಲಗಿಸಿದಳು. ದೇಹ ಹೇಗೆ ಬಿದ್ದಿದ್ದರೂ ತಲೆಯ ಕಡೆಯೇ 'ಮೇಲೆ'. ಅದನ್ನೂ ತಪ್ಪದೆ ಹೇಳಿದಳು.

ಪರೀಕ್ಷೆಯ ದಿನ ನಾನು ಎಂದಿನಂತೆ ಮಧ್ಯಾಹ್ನ ಎರಡಕ್ಕೆ ಮಲಗಿದೆ, ನಿದ್ದೆ ಬರಲಿಲ್ಲ. ಮೂರೂವರೆಗೆ ನನ್ನ ಹೆಂಡತಿಯ ಫೋನ್ ರಿಂಗಾಯಿತು. ಸ್ಪೀಕರ್ ಹಾಕಿದಳು.

"ಅಮ್ಮಾ, ಪಾಸು! ಬೆನ್ನು ಈಚೆ ಮಾಡಿ ಗೊಂಬೆ ಇಟ್ಟಿದ್ರು. ಕೇಳಿದ್ದಷ್ಟೂ ಹೇಳ್ದೆ. ಆಮೇಲೆ ತಿರುಗ್ಸಿದ್ರು, ಆಗ್ಲೂ ಹೇಳ್ದೆ. ಸೋಮವಾರದಿಂದ ವಾರ್ಡಿಗೆ ಬಾ ಅಂದ್ರು."

"ನಮ್ಮ ಮಾಸ್ತರ್ರೂ ಪಾಸಾ?"

"ಅವ್ರಿಗೆ ಇನ್ನೊಂದು ವಾರ ಪಾಠ ಬೇಕು, ಅಮ್ಮಾ."

ಇಬ್ಬರೂ ನಕ್ಕರು. ನಾನೂ ನಕ್ಕು, ಆ ದಿನ ನಾಲ್ಕರ ಚಹಾವನ್ನು ಮೂರೂಮುಕ್ಕಾಲಿಗೇ ಕುಡಿದೆ.