ಕಚ್ಚಾ ಹೊಲಿಗೆಯ ಮದುವೆ ಸೀರೆ

ಅವ್ವ ತೀರಿಕೊಂಡು ತಿಂಗಳಾದ ಮೇಲೆ ಇವತ್ತು ಅವಳ ಟ್ರಂಕು ತೆಗೆದೆ. ನುಸಿ ಗುಳಿಗೆಯ ಜೊತೆ ನಾಟಕದವರು ಮುಖಕ್ಕೆ ಹಚ್ಚುವ ಬಣ್ಣದ ವಾಸನೆಯೂ ಬಂತು.

ಕಂಪ್ಲಿಯ ನಾಟಕಗಳಲ್ಲಿ ಅಪ್ಪನೇ ರಾಜ. ಸತ್ಯಕ್ಕಾಗಿ ಹೆಂಡತಿ, ಮಗನನ್ನೂ ಮಾರಿ ಸುಡುಗಾಡು ಕಾಯುವ ರಾಜ. ಹುಡುಗಿಯಾದರೂ ಸತ್ತ ಮಗನ ಪಾತ್ರ ನನ್ನದು. ಮಗನನ್ನು ಸುಡಲು ಸುಂಕ ಕೊಡುವುದಕ್ಕೆ ಏನೂ ಇಲ್ಲದ ರಾಣಿ, ಉಟ್ಟ ಸೀರೆಯಲ್ಲೇ ಅರ್ಧ ಹರಿದು ಕೊಡಬೇಕು. ರಾಣಿ ಪಾತ್ರದವಳಿಗೆ ಉಡಿಸಲು ಅಪ್ಪ ಅವ್ವನ ಮದುವೆ ಸೀರೆ ಕೇಳಿದ.

"ಸುಡುಗಾಡಿನ್ಯಾಗ ರೇಷ್ಮಿ ಯಾಕ್ರಿ?"

"ರೇಷ್ಮಿ ಹರದ್ರನ ಮಂದಿ ಅಳೋದು."

ಅವ್ವ ತಾನೇ ಕತ್ತರಿ ಹಾಕಿದಳು. ಸೆರಗು ಹಿಡಿದುಕೊಂಡವಳು ನಾನು. ವೇದಿಕೆಯಲ್ಲಿ ಸುಲಭವಾಗಿ ಹರಿಯಲೆಂದು ಎರಡೂ ತುಂಡುಗಳನ್ನು ಸಡಿಲವಾದ ಕಚ್ಚಾ ಹೊಲಿಗೆಯಲ್ಲಿ ಕೂಡಿಸಿದಳು. ಪ್ರತಿ ನಾಟಕದ ಮರುದಿನ ಮತ್ತೆ ಸೂಜಿ ಹಿಡಿಯುತ್ತಿದ್ದಳು.

ಸತ್ತು ಮಲಗಿದ ನಾನು ಅರೆಗಣ್ಣಿನಲ್ಲಿ ನೋಡುತ್ತಿದ್ದೆ. ಮುಂದಿನ ಸಾಲಿನ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ನಡುವೆ ಕೂತ ಅವ್ವ ಮಾತ್ರ ಹೊಲಿಗೆ ಸರಿಯಾಗಿ ಬಿಟ್ಟಿತೇ ಎಂದು ನೋಡುತ್ತಿದ್ದಳು.

ಮನೆಗೆ ಬಂದ ಅಪ್ಪ, "ಊರಿಗೂರೇ ಅತ್ತೈತಿ ನೋಡು," ಎನ್ನುತ್ತಿದ್ದ.

"ಹೂಂರಿ. ಮಾರಿ ತೊಳಕೋರಿ, ಕೊಬ್ರಿ ಎಣ್ಣಿ ಇಟ್ಟೀನಿ."

ಅಪ್ಪ ಬಣ್ಣ ಹಚ್ಚುವುದು ಬಿಟ್ಟು ಎಷ್ಟೋ ವರ್ಷವಾಯಿತು. ಅಪ್ಪ ಹೋಗಿಯೂ ಆಯಿತು. ಸೀರೆ ಟ್ರಂಕಿನ ತಳದಲ್ಲಿತ್ತು, ಕೂಡಿಸಿಯೇ ಇಟ್ಟಿದ್ದಳು. ನನಗೆ ಅಳು ಬರಲಿಲ್ಲ. ದಾರದ ತುದಿ ಹಿಡಿದು ಎಳೆದೆ. ಮುಂದಿನ ನಾಟಕ ನಾಳೆಯೇ ಇದೆ ಎಂಬಂತೆ ಸೀರೆ ಒಂದೇ ಎಳೆತಕ್ಕೆ ಎರಡಾಯಿತು.