ಪರದೆಯ ಮೇಲೆ ಕಾಣದ ಮಾವನ ಹೆಸರು

ಅಕ್ಕನ ಮದುವೆಯ ಪತ್ರಿಕೆಯನ್ನು ನಾನೇ ಟೈಪ್ ಮಾಡುತ್ತೇನೆಂದು ಜಂಭ ಕೊಚ್ಚಿಕೊಂಡವಳು ನಾನೇ. ಆಗ ಕಾರವಾರದ ಒಂದು ಡಿಟಿಪಿ ಅಂಗಡಿಯಲ್ಲಿ ನನಗೆ ಕೆಲಸ. ಅವರ್ಸಾದ ಮನೆಯಿಂದ ದಿನಾ ಬಸ್ಸು.

"ಮಾವನ ಹೆಸ್ರು ಮಾತ್ರ ಬಿಡ್ಬೇಡ ಮಗಾ," ಎಂದು ಆಯಿ, ನನ್ನ ತಾಯಿ, ಹೇಳಿ ಕಳಿಸಿದ್ದಳು. ನನ್ನ ಅಣ್ಣನ ಮದುವೆಯ ಪತ್ರಿಕೆಯಲ್ಲಿ ಸೋದರಮಾವನ ಹೆಸರು ಹಾಕಿಸಲು ಅಪ್ಪ ಮರೆತಿದ್ದ. ಮಾಜಾಳಿಯ ಮಾವ ಅಂದಿನಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಒಡಹುಟ್ಟಿದವನ ಮುಖ ಕಾಣದೆ ಆಯಿ ಒಳಗೊಳಗೇ ಕೊರಗುತ್ತಿದ್ದಳು.

ನಮ್ಮ ಮನೆಗಳಲ್ಲಿ ಮದುವೆಯ ಮೊದಲ ಕರೆ ಸೋದರಮಾವನಿಗೆ, ಆಮೇಲೆ ಊರಿಗೆ. ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಒಂದು ಪ್ರತಿ ಒಯ್ಯಬೇಕೆಂದು ಅಪ್ಪ ಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಅಂಗಡಿಗೇ ಬಂದು ನನ್ನ ಬೆನ್ನ ಹಿಂದೆಯೇ ಕುಳಿತಿದ್ದ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ.

ಅಪ್ಪನ ಹೆಸರು ಹೊಡೆದೆ, ಪರದೆಯ ಮೇಲೆ ಬಂತು. ಕೆಳಗೆ ಮಾವನ ಹೆಸರು ಹೊಡೆದೆ. ಖಾಲಿ! ಮತ್ತೆ ಹೊಡೆದೆ. ಕರ್ಸರ್ ಮಾತ್ರ ಕೆಳಗಿಳಿಯಿತು, ಅಕ್ಷರದ ಸುಳಿವಿಲ್ಲ. ಕೀಬೋರ್ಡನ್ನು ಬೋರಲು ಹಾಕಿ ಕೊಡವಿದೆ. ಮಾನಿಟರ್ ತಲೆಗೆ ಎರಡು ಬಿಟ್ಟೆ. ಇನ್ನೊಮ್ಮೆ ಹೊಡೆದೆ. ಊಹೂಂ. ಎಲ್ಲ ಬಿಟ್ಟು ಈ ಹೆಸರೇ ಯಾಕೆ? ನನಗೆ ತಲೆಬುಡ ಅರ್ಥವಾಗಲಿಲ್ಲ.

"ಕಾಗ್ದದ ಮೇಲೆ ಬತ್ತದೋ ಇಲ್ವೋ ನೋಡಿ ತಂಗೀ," ಎಂದರು ಅಂಗಡಿಯ ಮಾಲೀಕರು.

ಪ್ರಿಂಟ್ ಕೊಟ್ಟೆ. ಹೊರಗೆ ಮಾಜಾಳಿ ಬಸ್ಸಿನ ಹಾರ್ನ್ ಕೇಳಿತು. ಹಾಳೆ ಹೊರಬಂದದ್ದೇ ತಡ, ಅಪ್ಪ ಅದನ್ನು ಎಳೆದು ಮಡಚಿ ಚೀಲಕ್ಕೆ ತುರುಕಿಕೊಂಡು ಓಡಿದ. "ಅಪ್ಪಾ, ನಿಲ್ಲು, ನಾ ನೋಡ್ಲಿಲ್ಲ!" ಎಂದು ಕೂಗಿದೆ. ಬಸ್ಸು ಹೋಗಿಯೇಬಿಟ್ಟಿತು.

ಪರದೆ ಇನ್ನೂ ಖಾಲಿ. ಹೆಸರಿಲ್ಲದ ಪತ್ರಿಕೆಯನ್ನೇ ಮತ್ತೆ ಮಾವನ ಕೈಗಿಟ್ಟರೆ ಮುಗಿಯಿತು, ಆಯಿಗೆ ತವರೇ ಇಲ್ಲ. ಮಾಲೀಕರು ಬಂದು ಪರದೆಯ ಮೇಲೆ ಸಿಕ್ಕಿಕೊಂಡಿದ್ದ ವಿಂಡೋವನ್ನು ಮೌಸಿನಿಂದ ಸುಮ್ಮನೆ ಒಮ್ಮೆ ಕೆಳಗಿಳಿಸಿ ಮೇಲೆತ್ತಿದರು. ಅಯ್ಯೋ ದೇವರೇ! ಮಾವನ ಹೆಸರು ಒಂದರ ಕೆಳಗೊಂದು ಸಾಲಾಗಿ ನಿಂತಿತ್ತು, ನಾನು ಹೊಡೆದಷ್ಟೂ ಸಲ.

ಹಾಗಾದರೆ ಕಾಗದದಲ್ಲಿ ಏನಿದೆ? ಒಂದೂ ಇಲ್ಲವೋ, ಇಷ್ಟೂ ಇವೆಯೋ? ಇಷ್ಟೂ ಇದ್ದರೆ ಮಾವ ಅಣಕವೆಂದುಕೊಳ್ಳುವುದಿಲ್ಲವೇ? ಯಾವುದಕ್ಕೆ ಹೆದರಬೇಕೆಂದೇ ತಿಳಿಯದೆ ಮನೆಗೆ ಹೋದೆ.

ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಇಬ್ಬರ ಮಾತು ಕೇಳಿತು. ಅಪ್ಪನ ಜೊತೆ ಮಾವ! ಕೈಯಲ್ಲಿ ಅದೇ ಹಾಳೆ.

"ಒಂದ್ಸಲ ಬಿಟ್ಟದ್ದಕ್ಕೆ ಇಷ್ಟು ಸಲ ಬರ್ಸೂಕೆ ಹೇಳಿದ್ನೇನೆ ನಿನ್ನಪ್ಪ?" ಎಂದು ನನ್ನನ್ನು ಕೇಳಿದರು. ನಗುತ್ತಿದ್ದರು, ಬೆರಳು ಮಾತ್ರ ತಮ್ಮ ಹೆಸರಿನ ಸಾಲುಗಳನ್ನು ಒಂದೊಂದಾಗಿ ಎಣಿಸುತ್ತಿತ್ತು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದ. ಕನ್ನಡಕವಿಲ್ಲದ ಅವನಿಗೆ ಹಾಳೆಯಲ್ಲಿ ಏನಿದೆಯೆಂದೇ ತಿಳಿದಿರಲಿಲ್ಲ.

"ಹೂಂ ಮತ್ತೆ," ಎಂದುಬಿಟ್ಟ ಅಪ್ಪ.

ಆಯಿ ಒಳಗಿನಿಂದ ಓಡಿ ಬಂದಳು. ಕಾಲಿಗೆ ನೀರು ಕೊಡುವುದನ್ನೂ ಮರೆತು, ತನ್ನ ಅಣ್ಣನ ಕೈ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.