ಮಿಲ್ಲಿನ ಮೂಗು, ಸಂತೆಯ ಊದ್

ನನ್ನ ತಂಗಿಗೆ ಕೂಡಿಬಂದ ಸಂಬಂಧ ಮುರಿದದ್ದು ಒಂದು ಅತ್ತರಿನ ಶೀಷೆಯಿಂದ ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಶೀಷೆಯ ಮೇಲೆ ತಪ್ಪು ಹೊರಿಸುವುದು ಸುಲಭ, ಅದಕ್ಕೆ ಬಾಯಿಲ್ಲ. ಈಗ ವಯಸ್ಸಾಗಿದೆ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಅರವತ್ತರ ದಶಕ ಹಿಡಿದು ಒಂದೆರಡು ವರ್ಷವಾಗಿತ್ತು. ನಾನು ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಬಿದಿರು ಬೇಯಿಸುವ ವಿಭಾಗದಲ್ಲಿದ್ದೆ. ಆಳೆತ್ತರಕ್ಕಿಂತ ಎಷ್ಟೋ ದೊಡ್ಡದಾದ ಕಬ್ಬಿಣದ ಹಂಡೆಗಳಲ್ಲಿ ಬಿದಿರಿನ ಚೂರು ತುಂಬಿ, ಕ್ಷಾರದ ನೀರು ಬಿಟ್ಟು, ಉಗಿ ಕೊಟ್ಟು ಕುದಿಸುವ ಕೆಲಸ. ಅಲ್ಲಿಂದ ಏಳುವ ವಾಸನೆ ಕೊಳೆತ ಎಲೆಕೋಸಿನದು. ಹೊಸದಾಗಿ ಸೇರಿದವರಿಗೆ ಮೊದಲ ವಾರ ಅನ್ನ ಸೇರುತ್ತಿರಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಅವರೂ ನಮ್ಮಂತೆಯೇ ಆಗುತ್ತಿದ್ದರು, ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ವಾಸನೆ ಮಾತ್ರ ಅಂಗಿಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ ಕೂತೇ ಇರುತ್ತಿತ್ತು. ನಮಗೆ ತಿಳಿಯದಿದ್ದರೂ ಊರಿಗೆ ತಿಳಿಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ, ತಂಗಿ ನನ್ನ ಕ್ವಾರ್ಟರ್ಸಿಗೆ ಬಂದು ಇದ್ದರು. ತಂಗಿಯನ್ನು ನೋಡಲು ಮೊದಲು ಬಂದವರು ಮುಂಡಗೋಡ ಕಡೆಯವರು. ಹುಡುಗನ ತಾಯಿ ಬಂದು ಕೂತಾಗಿನಿಂದ ಏಳುವ ತನಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಇದ್ದಳು. ಚಹಾ ಕುಡಿಯುವಾಗಲೂ ಸೆರಗು ಸರಿಸಿ, ಗುಟುಕು ಕುಡಿದು, ಮತ್ತೆ ಮುಚ್ಚಿದಳು. ವಾರದ ಮೇಲೆ ಅವರ ಕಡೆಯ ಒಬ್ಬರ ಬಾಯಲ್ಲಿ ಮಾತು ಬಂತು: "ಹುಡುಗಿ ಛಲೋ ಅದಾಳ. ಆದ್ರ ಆ ಮನಿ ವಾಸನಿ ನಮ್ಮ ಮನಿಗೆ ಬರೂದು ಬ್ಯಾಡ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವವನು. ಮೂರು ದಿನ ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ತಂಗಿ ಮಾತ್ರ ಏನೂ ಆಗದವಳಂತೆ ರೊಟ್ಟಿ ಬಡಿಯುತ್ತಿದ್ದಳು.

ಎರಡನೆಯ ಸಂಬಂಧ ಬಂದದ್ದು ಹಳಿಯಾಳದ ಅಕ್ಕಿ ವ್ಯಾಪಾರದ ಮನೆಯಿಂದ. ನಮ್ಮವರೇ, ಅನುಕೂಲಸ್ಥರು, ಶಿಸ್ತಿನವರು. ಆ ಹುಡುಗನನ್ನು ತಂಗಿ ಒಂದು ಲಗ್ನದಲ್ಲಿ ದೂರದಿಂದ ನೋಡಿದ್ದಳು. ಅವ್ವ ಮೆಲ್ಲಗೆ ಕೇಳಿದಾಗ, "ಅವರ ಆದ್ರ ಆಗಲಿ" ಎಂದಿದ್ದಳಂತೆ. ನಮ್ಮ ಮನೆಯಲ್ಲಿ ಹೆಣ್ಣುಮಗಳು ಅಷ್ಟು ಬಾಯಿಬಿಟ್ಟು ಹೇಳಿದರೆ ಅದೇ ಬಹಳ. ಅವ್ವ ಅದನ್ನು ನನ್ನ ಕಿವಿಗೆ ಹಾಕಿದ ದಿನವೇ ನಾನು ನಿಶ್ಚಯ ಮಾಡಿದೆ. ಈ ಸಲ ಯಾರೂ ನಮ್ಮ ಮನೆಯಲ್ಲಿ ಮೂಗು ಮುಚ್ಚಿಕೊಂಡು ಕೂರಬಾರದು.

ಹಳಿಯಾಳದ ಸಂತೆಯಲ್ಲಿ ಒಬ್ಬ ಮುದಿ ಸಾಹೇಬರು ಅತ್ತರು ಮಾರುತ್ತಿದ್ದರು. ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಬೆರಳುದ್ದದ ಶೀಷೆಗಳ ಸಾಲು, ಪಕ್ಕದಲ್ಲಿ ಹತ್ತಿ. ಗುಲಾಬಿ, ಕೇದಗೆ, ಲಾವಂಚ ಒಂದೊಂದನ್ನೇ ನನ್ನ ಮುಂಗೈಗೆ ಹಚ್ಚಿದರು. ನನಗೆ ಒಂದೂ ತಿಳಿಯಲಿಲ್ಲ. ಕೊನೆಗೆ ಕಂದು ಬಣ್ಣದ ಒಂದು ಶೀಷೆಯ ಬಿರಡೆ ತೆಗೆದರು. ಲವಂಗ ಜಗಿದ ಹಾಗೆ ಮೂಗಿನ ಮೇಲ್ಗಡೆ ಚುರ್ ಎಂದಿತು. ಎಷ್ಟೋ ವರ್ಷದ ಮೇಲೆ ನನ್ನ ಮೂಗಿಗೆ ಏನೋ ಒಂದು ತಿಳಿದಿತ್ತು. ಆದ ಸಂತೋಷವನ್ನು ಹೇಗೆ ಹೇಳಲಿ!

"ಊದ್," ಎಂದರು ಸಾಹೇಬರು. "ಖರೇ ಊದ್ ಅಂದ್ರ ಅಗರು ಮರದ ಎಣ್ಣಿ, ನವಾಬರ ಮಾಲು. ಇದರಾಗ ಹೆಸರಿಗಷ್ಟ ಊದ್ ಐತ್ರಿ. ಉಳಿದದ್ದು ಲವಂಗ, ದಾಲ್ಚಿನ್ನಿ, ಕರಿಮೆಣಸು. ಅದಕ್ಕ ನಮ್ಮ ನಿಮ್ಮಂಥವರ ಕೈಗೆ ಎಟಕತೈತಿ."

ಸುಳ್ಳು ಹೇಳದ ವ್ಯಾಪಾರಿಯನ್ನು ಕಂಡು ನನಗೆ ಹಿತವಾಯಿತು. ಶೀಷೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತ ಅವರು ಇನ್ನೊಂದು ಮಾತು ಹೇಳಿದರು. "ಮುಂಗೈಗೆ ಒಮ್ಮೆ, ಕಿವಿ ಹಿಂದ ಒಮ್ಮೆ, ಸಾಕು. ಸ್ವಲ್ಪ ಹೊತ್ತಿಗೆ ನಿಮಗ ವಾಸನಿ ತಿಳ್ಯಾಂಗಿಲ್ಲ. ಹೋತು ಅಂತ ಮತ್ತ ಹಚ್ಚಬ್ಯಾಡ್ರಿ. ಮಂದಿಗೆ ಬರ್ತಿರತೈತಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಏನು ಹೋಗುತ್ತದೆ?

ರಜೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಅವರು ಹೇಳಿದಷ್ಟೇ ಹಚ್ಚಿ, ಮಾವಿನ ಗಿಡದ ಕೆಳಗೆ ಕೂತು ಪರೀಕ್ಷೆ ಮಾಡಿದೆ. ಮೊದಲು ಲವಂಗ ಮತ್ತು ಮೆಣಸು ಜಗಳಕ್ಕೆ ಬಂದವರ ಹಾಗೆ ಒಟ್ಟಿಗೆ ನುಗ್ಗಿದವು. ಆಮೇಲೆ ದಾಲ್ಚಿನ್ನಿಯ ಸಿಹಿ ಬಂತು. ಊಟದ ಹೊತ್ತಿಗೆ ಖಾರ ಇಳಿದು ಹೊಗೆಯಂಥದ್ದೊಂದು ಉಳಿಯಿತು. ಮಳೆಯಲ್ಲಿ ನೆನೆದ ಹಳೇ ಮರದ ದಿಮ್ಮಿ, ಅದರ ಹತ್ತಿರ ಯಾರೋ ಲೋಬಾನ ಹಾಕಿದ ಹಾಗೆ. ಅದೇ ಊದ್ ಇರಬೇಕು. ನನಗೆ ಬಹಳ ಹಿಡಿಸಿತು. ಆದರೆ ಇಷ್ಟು ಚೆನ್ನಾಗಿರುವುದು ಸ್ವಲ್ಪ ಹೊತ್ತಷ್ಟೇ ಇತ್ತು, ಮತ್ತೆ ಏನೂ ತಿಳಿಯಲಿಲ್ಲ. ಅಗ್ಗದ ಮಾಲು, ನಿಲ್ಲುವುದಿಲ್ಲ ಎಂದು ತೀರ್ಮಾನಿಸಿದೆ.

ಮರುದಿನ ಕೆಲಸಕ್ಕೆ ನಾಲ್ಕು ಕಡೆ ಹಚ್ಚಿಕೊಂಡು ಹೋದೆ. ಹಂಡೆಗಳ ಹತ್ತಿರ ಕೆಲಸ ಮಾಡುವ ಜೊತೆಗಾರರ ಮುಂದೆ ಕೈ ಚಾಚಿ, "ವಾಸನಿ ಬರತೈತೇನು?" ಎಂದೆ. ಮೂವರೂ ಮೂಸಿ, "ಏನೂ ಬರವಲ್ದಲ್ಲೋ" ಎಂದರು. ಮಾರನೆಯ ದಿನ ಹತ್ತಿಯ ಉಂಡೆ ಅದ್ದಿ ಎರಡೂ ಕಿವಿಗೆ ಇಟ್ಟೆ. "ಹಾಂ, ಈಗ ಸ್ವಲ್ಪ ಬರಾಕತ್ತೈತಿ" ಎಂದರು. ಹೀಗೆ ದಿನ ದಿನಕ್ಕೆ ಏರಿಸುತ್ತ ಹೋದೆ. ಸತ್ತ ಮೂಗಿನವನೊಬ್ಬ ಸತ್ತ ಮೂಗಿನವರನ್ನು ಸಾಕ್ಷಿಗೆ ಕರೆದಿದ್ದ. ಆಗ ಅದು ಹೊಳೆಯಲಿಲ್ಲ.

ಸರಿಯಾದ ಮೂಗಿನವನೊಬ್ಬನಿದ್ದ. ಬಿದಿರಿನ ಯಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಸಿದ್ದಿ ಜನಾಂಗದ ಗೆಳೆಯ. ಬಿದಿರಿನ ರಾಶಿ ನಡುವೆ ಎಲ್ಲಿ ಕೊಳೆಯಲು ಹತ್ತಿದೆ ಎಂಬುದನ್ನು ಹತ್ತು ಹೆಜ್ಜೆ ದೂರದಿಂದಲೇ ಹೇಳುವವನು. ನಾನು ಹತ್ತಿರ ಹೋಗುತ್ತಲೇ ಅವನು ಹಿಂದೆ ಸರಿದ.

"ಏನಪಾ ಇದು! ನೀ ಬರೂಕಿಂತ ಮೊದಲ ನಿನ್ನ ವಾಸನಿ ಬಂತು. ಕಣ್ಣಾಗ ನೀರ ಬರಾಕತ್ತಾವು. ಹಿಂಗ ಹ್ವಾದ್ರ ಪೊಲೀಸ್ರು ಬಿಡಾಂಗಿಲ್ಲ ನಿನ್ನ."

ಅವನು ಯಾಕೆ ಹಾಗೆಂದ ಎಂದು ಆಗ ದಾಂಡೇಲಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಕಡೆ ಇನ್ನೂ ದಾರೂಬಂದಿ ಇತ್ತು. ಕ್ಯಾಸಲ್‌ರಾಕ್ ಕಡೆಯಿಂದ ಗೋವೆಯ ಮಾಲು ಕದ್ದು ಬರುತ್ತಿತ್ತು, ಕಾಡಿನಲ್ಲಿ ಕಳ್ಳಭಟ್ಟಿ ಕಾಯುತ್ತಿತ್ತು. ಕುಡಿದವರು ಬಾಯಿಗೆ ಲವಂಗ, ಅಂಗಿಗೆ ಅತ್ತರು ಹಾಕಿ ಮರೆಮಾಡುತ್ತಿದ್ದರು. ಪೊಲೀಸರು ದಾರಿಯಲ್ಲಿ ನಿಲ್ಲಿಸಿ, ತಮ್ಮ ಮುಖದ ಮುಂದೆ ಉಸಿರು ಬಿಡಲು ಹೇಳುತ್ತಿದ್ದರು.

ನಾನು ನಕ್ಕುಬಿಟ್ಟೆ. "ಅತ್ತರಿನ ಸುದ್ದಿ ನಿನಗೇನ ಗೊತ್ತೋ, ಬಿದರ ಎಣಸಾಂವ" ಎಂದೆ. ಅವನು ಕೆಲಸಕ್ಕೆ ತಿರುಗಿದ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಕನ್ಯಾ ನೋಡಲು ಬರುವ ದಿನ ನಾನು ರಜೆ ಹಾಕಿದೆ. ಎರಡು ಸಲ ಸೀಗೆಕಾಯಿ ಹಚ್ಚಿ ಸ್ನಾನ ಮಾಡಿದೆ. ಮಿಲ್ಲಿನ ಗಾಳಿ ಒಳಗೆ ಬಾರದಿರಲಿ ಎಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಅತ್ತರು ಬೆಳಿಗ್ಗೆ ಒಮ್ಮೆ ಹಚ್ಚಿ, ಕಿವಿಗೂ ಹತ್ತಿ ಇಟ್ಟೆ. ಒಂಬತ್ತಕ್ಕೆ ಹೋದಂತೆನಿಸಿ ಇನ್ನೊಮ್ಮೆ. ಹಳಿಯಾಳದ ಬಸ್ಸಿನ ಸದ್ದು ಕೇಳಿದಾಗ ಉಳಿದದ್ದನ್ನು ಅಂಗೈಗೆ ಸುರಿದು ಎದೆಗೆ, ಕತ್ತಿಗೆ ತಿಕ್ಕಿದೆ. ತಂಗಿ ಆಗ ಬಾಗಿಲಲ್ಲಿ ಬಂದು ನಿಂತಳು. ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಒಳಗೆ ಹೋದಳು.

ಬಂದವರು ಮೂವರು. ಹುಡುಗ, ಅವನ ಅಪ್ಪ, ಮತ್ತು ಮನೆಯ ಯಜಮಾನಿಕೆ ನಡೆಸುವ ಅವನ ಕಾಕಾ. ಹಣೆ ತುಂಬ ವಿಭೂತಿ, ಅಚ್ಚ ಬಿಳಿ ಧೋತ್ರ. "ಶರಣ್ರಿ, ಬರ್ರಿ" ಎಂದು ಕೈಮುಗಿದು ಒಳಗೆ ಕೂರಿಸಿದೆ. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಕಾಕಾ ಸೀನಿದರು. ಮತ್ತೊಮ್ಮೆ ಸೀನಿದರು. ಹುಡುಗನ ಅಪ್ಪ ಧೋತ್ರದ ಅಂಚಿನಿಂದ ಕಣ್ಣೊರೆಸಿಕೊಂಡರು. ತಂಗಿ ಅವಲಕ್ಕಿಯ ತಾಟು ತಂದಿಟ್ಟು ಕೂತಳು. ಹುಡುಗ ಅವಳತ್ತ ಕದ್ದು ನೋಡಿದ. ಕಾಕಾ ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವಲಕ್ಕಿಗೆ ಯಾರೂ ಕೈ ಹಾಕಲಿಲ್ಲ.

"ಎಷ್ಟ ವರ್ಷ ಆತ್ರಿ?" ಎಂದು ಕಾಕಾ ಕೇಳಿದರು.

"ಮಿಲ್ಲಿಗೆ ಸೇರಿ ನಾಕ ವರ್ಷ ಆತ್ರಿ."

"ಮಿಲ್ಲಿನ ಮಾತಲ್ಲ. ಕುಡಿಯಾಕ ಹತ್ತಿ ಎಷ್ಟ ವರ್ಷ ಆತು?"

ಅಡುಗೆಮನೆಯ ಬಾಗಿಲಲ್ಲಿ ಅವ್ವ ಗೋಡೆ ಹಿಡಿದುಕೊಂಡಳು. ತಂಗಿ ತಲೆ ಎತ್ತಲಿಲ್ಲ.

"ಸಿಟ್ಟ ಆಗಬ್ಯಾಡ್ರಿ," ಎಂದರು ಕಾಕಾ. "ನಮ್ಮ ಮನಿ ಮಗಳೊಬ್ಬಾಕಿನ್ನ ಹಿಂಗ ಲವಂಗ, ಅತ್ತರು ಘಮಾಡಿಸೋ ಮನಿಗೆ ಕೊಟ್ಟ ಕೈ ಸುಟ್ಟಕೊಂಡೇವಿ. ಅಣ್ಣ ಕುಡಿಯಾಂವ ಇದ್ರ ನಾಳೆ ತವರಮನಿ ಅನ್ನೂದು ಏನ ಉಳಿತೈತ್ರಿ? ಹುಡುಗಿ ನಮಗ ಒಪ್ಪಿಗಿ ಐತಿ. ನನ್ನ ಮಾರಿ ಮುಂದ ಒಂದ ಉಸಿರು ಬಿಡ್ರಿ. ದಾರೂ ವಾಸನಿ ಇರಲಿಲ್ಲಂದ್ರ ನಿಮ್ಮ ಕಾಲ ಹಿಡಿದು ತಪ್ಪಾತು ಅಂತೇನಿ, ಇವತ್ತ ಎಲಿ ಅಡಿಕಿ ತಗೊಂಡ ಸಂಬಂಧ ಗಟ್ಟಿ ಮಾಡತೇವಿ."

ನಾಲಿಗೆಗೆ ಒಂದು ಹನಿ ದಾರೂ ತಾಗಿಸಿದವನಲ್ಲ ನಾನು. ಒಂದು ಉಸಿರಿನ ಕೆಲಸ. ಅವ್ವ, "ಬಿಡೋ ನಮ್ಮಪ್ಪ, ಏನ ಹೋಗತೈತಿ" ಎಂದಳು. ಹುಡುಗನೂ ನನ್ನತ್ತ ನೋಡಿದ, ಬಿಡಿ ಎನ್ನುವ ಹಾಗೆ. ನನಗೆ ಕಂಡದ್ದು ಮಾತ್ರ ಆ ಮುಂಡಗೋಡದವಳ ಸೆರಗು. ನಮ್ಮ ಮನೆಗೆ ಬಂದವರೆಲ್ಲ ನಮ್ಮನ್ನು ಮೂಸುವುದಕ್ಕೇ ಬರುತ್ತಾರೆ ಎಂದು ತಲೆ ಕೆಟ್ಟುಹೋಯಿತು.

"ನನ್ನ ಮನ್ಯಾಗ ಕುಂತು ನನ್ನ ಬಾಯಿ ಮೂಸತೀರೇನು? ಏಳ್ರಿ ಮೊದಲ!"

ಅವರು ಎದ್ದರು. ಕಾಕಾ ಒಂದೂ ಕೆಟ್ಟ ಮಾತಾಡಲಿಲ್ಲ. ಹುಡುಗ ಹೊಸ್ತಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿ ಹೋದ.

ತಂಗಿ ತಾಟು ಎತ್ತಲು ಬಂದಳು. ಕಣ್ಣಲ್ಲಿ ನೀರಿರಲಿಲ್ಲ. "ಒಂದ ಉಸಿರು, ಅಣ್ಣಾ" ಎಂದಳು. ಅಷ್ಟೇ.

ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಚ್ಚಲಿಗೆ ಓಡಿದೆ. ಆ ಅತ್ತರಿನಲ್ಲೇ ಹೋಗಿ ಅವರ ಮುಂದೆ ನಿಲ್ಲುವುದಕ್ಕೆ ಮುಖವಿರಲಿಲ್ಲ. ಸಾಬೂನು ಹಚ್ಚಿ ಕತ್ತು, ಎದೆ ತಿಕ್ಕಿದೆ, ಕಿವಿಯ ಹತ್ತಿ ಕಿತ್ತೊಗೆದೆ, ಉಪ್ಪು ಹಾಕಿ ಬಾಯಿ ಮುಕ್ಕಳಿಸಿದೆ, ಬೇರೆ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಹಳಿಯಾಳದ ಬಸ್ಸು ಇನ್ನೂ ನಿಂತಿತ್ತು. ಡ್ರೈವರ್ ಚಹಾ ಕುಡಿಯುತ್ತಿದ್ದ. ಕಾಕಾ ಕಿಟಕಿಯ ಪಕ್ಕ ಕೂತಿದ್ದರು.

"ಈಗ ಬಿಡ್ತೇನ್ರಿ. ನೋಡ್ರಿ," ಎಂದೆ. ಬಸ್ಸಿನವರು, ಸ್ಟ್ಯಾಂಡಿನವರು ಎಲ್ಲ ನೋಡುತ್ತಿದ್ದಂತೆ ಕಿಟಕಿಯ ಸರಳು ಹಿಡಿದು ಕತ್ತು ಚಾಚಿ ಉಸಿರು ಬಿಟ್ಟೆ. ಎರಡು ಸಲ ಬಿಟ್ಟೆ.

ಅವರು ಕಣ್ಣು ಮುಚ್ಚಿ ಮೂಸಿದರು. ಕಣ್ಣು ತೆರೆದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

"ಬಾಯಿ ತೊಳಕೊಂಡ ಬಂದೀಯಲ್ಲೋ ತಮ್ಮಾ," ಎಂದರು. "ಈಗ ಏನಂತ ನಂಬಲಿ? ಆವಾಗ ಬಿಟ್ಟಿದ್ದಿ ಅಂದ್ರ ಮುಗೀತಿತ್ತು."

ಡ್ರೈವರ್ ಬಂದು ಹತ್ತಿದ. ನಾನು ಸರಳು ಬಿಟ್ಟೆ.

ಮನೆಗೆ ಬಂದಾಗ ತಂಗಿ ಕಿಟಕಿಗಳನ್ನೆಲ್ಲ ತೆರೆದಿದ್ದಳು. ಖಾಲಿ ಶೀಷೆಯನ್ನು ಕೈಯಲ್ಲಿ ಹಿಡಿದು ಬಿರಡೆ ಮೂಸುತ್ತಿದ್ದಳು.

"ವಾಸನಿ ಛಲೋ ಐತಿ ಇದರದು," ಎಂದಳು. "ಒಂದ ಹನಿ ಹಚ್ಚಿದ್ರ."

"ಮುಂಜಾನೆ ಯಾಕ ಹೇಳಲಿಲ್ಲ?" ಎಂದು ಅವಳ ಮೇಲೆಯೇ ಹರಿಹಾಯ್ದೆ. ಆಗಲೂ ನನ್ನ ಬುದ್ಧಿ ಹಾಗೇ ಇತ್ತು.

"ವಾರ ಆತು, ದಿನಾ ತಲಿ ಹಿಡೀತಿತ್ತು ನನಗ. ನೀ ಎಲ್ಲಾರನ್ನೂ ಕೇಳಿದಿ. ನನ್ನ ಕೇಳಲಿಲ್ಲ."

ಹೌದು, ಕೇಳಿರಲಿಲ್ಲ. ಹಂಡೆಗಳ ಹತ್ತಿರದವರನ್ನು ಕೇಳಿದ್ದೆ, ಯಾರ್ಡಿನವನು ತಾನಾಗಿ ಹೇಳಿದ್ದನ್ನು ತಳ್ಳಿಹಾಕಿದ್ದೆ. ಯಾರ ಸಲುವಾಗಿ ಹಚ್ಚಿಕೊಂಡೆನೋ ಅವಳು ದಿನವೂ ನನಗೆ ಊಟಕ್ಕೆ ಬಡಿಸುತ್ತಿದ್ದಳು, ನನ್ನ ಅಂಗಿ ಒಗೆಯುತ್ತಿದ್ದಳು.

ಆ ಹುಡುಗನ ಲಗ್ನ ಅದೇ ವರ್ಷ ಬೇರೆ ಕಡೆ ಆಯಿತು. ಎರಡು ವರ್ಷದ ಮೇಲೆ ತಂಗಿಗೆ ಜೋಯಿಡಾದಲ್ಲಿ ಕಿರಾಣಿ ಅಂಗಡಿ ಇದ್ದವರ ಸಂಬಂಧ ಬಂತು. ಹೆಂಡತಿ ತೀರಿಕೊಂಡವರು, ತಂಗಿಗಿಂತ ಬಹಳ ದೊಡ್ಡವರು. ಅವರು ನೋಡಿಕೊಂಡು ಹೋದ ಸಂಜೆ ನಾನು ಅಡುಗೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಜೀವ ಗಟ್ಟಿಮಾಡಿಕೊಂಡು ಕೇಳಿದೆ.

"ಅವರು ನಿನಗ ಒಪ್ಪಿಗಿ ಅದಾರೇನು?"

ಅವಳು ಒಲೆಯ ಮೇಲಿನ ಚಹಾ ಇಳಿಸಿದಳು. ಸೋಸಿದಳು. ಲೋಟ ತಂದು ನನ್ನ ಕೈಗಿಟ್ಟಳು.

"ಈಗ ಕೇಳಾಕತ್ತಿ, ಅಣ್ಣಾ," ಎಂದಳು.